ಉಪಗ್ರಹ ನೋಡಿಕೊಳ್ಳುವ ಊರಿಗೆ ಸಾಫ್ಟ್‌ವೇರ್ ಕೆಲಸ ಯಾಕೆ ಬರಲಿಲ್ಲ?

ಹಾಸನದ ಸಾಲಗಾಮೆ ರಸ್ತೆಯಲ್ಲಿ ಎರಡು ದೊಡ್ಡ ಸಂಸ್ಥೆಗಳಿವೆ. ಒಂದು, 1960ರಲ್ಲಿ ಶುರುವಾದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು. ಇನ್ನೊಂದು, ಇಸ್ರೋದ ಎಂಸಿಎಫ್, ಅಂದರೆ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ನಮ್ಮ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳು ರಾಕೆಟ್ಟಿನಿಂದ ಬೇರೆಯಾದ ಮೇಲೆ ಅವನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸುವುದು, ವರ್ಷಗಟ್ಟಲೆ ಅಲ್ಲೇ ಇರುವಂತೆ ನೋಡಿಕೊಳ್ಳುವುದು ಈ ಕೇಂದ್ರದ ಕೆಲಸ. 1982ರಲ್ಲಿ ಇನ್ಸಾಟ್-1ಎ ಮೇಲೆ ಹೋದ ಕಾಲದಿಂದ ಇದು ನಡೆದಿದೆ.

ಅಂದರೆ ಇಂಜಿನಿಯರುಗಳನ್ನು ತಯಾರು ಮಾಡುವ ಕಾಲೇಜೂ ಇತ್ತು, ಆಕಾಶದ ಜೊತೆ ಮಾತಾಡುವ ಆಂಟೆನಾಗಳೂ ಇದ್ದವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿನ ಮಿಲ್ಲರ್ಸ್ ರಸ್ತೆಗೆ ಬಂದು ಉಪಗ್ರಹ ಸಂಪರ್ಕದ ಡಿಶ್ ಇಡುವುದಕ್ಕೂ ಮೊದಲೇ ಇವೆರಡೂ ಹಾಸನದಲ್ಲಿದ್ದವು. ಆದರೂ ಸಾಫ್ಟ್‌ವೇರ್ ಉದ್ಯಮ ಬೆಳೆದದ್ದು ಇಲ್ಲಿಂದ 180 ಕಿಲೋಮೀಟರ್ ಆಚೆ. ಭಾನುವಾರ ಸಂಜೆ ಹಾಸನದ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿ. ಬೆಂಗಳೂರು ಬಸ್ಸಿಗೆ ನಿಂತವರಲ್ಲಿ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡವರೇ ಜಾಸ್ತಿ.

ಇದಕ್ಕೆ ಉತ್ತರ ಹುಡುಕಬೇಕಾದರೆ ಇನ್ನೊಂದು ಪ್ರಶ್ನೆಯಿಂದ ಶುರು ಮಾಡಬೇಕು. ಒಂದು ಕಾಲದಲ್ಲಿ ಇಡೀ ದೇಶದ ಕಥೆಯೂ ಹಾಸನದ್ದೇ ಆಗಿತ್ತು. ಪ್ರೋಗ್ರಾಮರುಗಳು ಇಲ್ಲಿದ್ದರು, ಕೆಲಸ ಅಮೆರಿಕದಲ್ಲಿತ್ತು. ಆ ಕೆಲಸ ಭಾರತಕ್ಕೆ ಬಂದದ್ದು ಹೇಗೆ?

ಕಂಪ್ಯೂಟರೇ ಇಲ್ಲದ ಕಂಪ್ಯೂಟರ್ ಕಂಪನಿ

1968ರಲ್ಲಿ ಮುಂಬೈಯಲ್ಲಿ ಟಿಸಿಎಸ್ ಶುರುವಾದಾಗ ದೇಶದಲ್ಲಿ ಕಂಪ್ಯೂಟರುಗಳೇ ಬಹಳ ಕಡಿಮೆ. ಹೊರಗಿನಿಂದ ಒಂದನ್ನು ತರಿಸಬೇಕೆಂದರೆ ಲೈಸೆನ್ಸ್ ಬೇಕು. ಲೈಸೆನ್ಸಿಗೆ ದೆಹಲಿಗೆ ಅಲೆಯಬೇಕು. ಎಲ್ಲ ಮುಗಿದ ಮೇಲೆ ಯಂತ್ರದ ಬೆಲೆಯನ್ನೂ ಮೀರಿಸುವ ಸುಂಕ. ವಿದೇಶಿ ಕಂಪನಿಗಳು ಇಲ್ಲಿನ ತಮ್ಮ ಪಾಲನ್ನು ಶೇ 40ಕ್ಕೆ ಇಳಿಸಬೇಕು ಅಂತ 1973ರ ಫೆರಾ ಕಾಯ್ದೆ ಹೇಳಿತು. ಐಬಿಎಂ ಒಪ್ಪಲಿಲ್ಲ. 1978ರಲ್ಲಿ ದೇಶ ಬಿಟ್ಟು ಹೋಯಿತು. ಅದರಿಂದ ಒಂದು ಲಾಭವೂ ಆಯಿತು. ನಮ್ಮ ಪ್ರೋಗ್ರಾಮರುಗಳು ಒಂದೇ ಕಂಪನಿಯ ಯಂತ್ರಕ್ಕೆ ಅಂಟಿಕೊಳ್ಳದೆ ಹತ್ತಾರು ಬಗೆಯ ಯಂತ್ರಗಳಲ್ಲಿ ಕೈ ಪಳಗಿಸಿಕೊಂಡರು.

1981ರಲ್ಲಿ ಪುಣೆಯಲ್ಲಿ ಏಳು ಜನ ಸೇರಿ ಇನ್ಫೋಸಿಸ್ ಕಟ್ಟಿದಾಗ ಅವರ ಹತ್ತಿರ ಸ್ವಂತ ಕಂಪ್ಯೂಟರೇ ಇರಲಿಲ್ಲ. ಮೊದಲ ಗ್ರಾಹಕ ನ್ಯೂಯಾರ್ಕಿನ ಡೇಟಾ ಬೇಸಿಕ್ಸ್ ಅನ್ನುವ ಕಂಪನಿ. ಆ ಕೆಲಸ ಮಾಡಲು ಅಮೆರಿಕಕ್ಕೇ ಹೋಗಬೇಕಾಯಿತು. 1983ರಲ್ಲಿ ಬೆಂಗಳೂರಿನ ಮೈಕೋ ಕಾರ್ಖಾನೆಯ ಕೆಲಸ ಸಿಕ್ಕಿತು ಅಂತ ಕಂಪನಿ ಬೆಂಗಳೂರಿಗೆ ಬಂತು. ಇದನ್ನು ನೆನಪಿಡಿ. ಕಂಪನಿಯನ್ನು ಬೆಂಗಳೂರಿಗೆ ಕರೆತಂದದ್ದು ಒಬ್ಬ ಗ್ರಾಹಕ. ಹವೆ ತಂಪಾಗಿದೆ ಅನ್ನುವ ಮಾತೆಲ್ಲ ಆಮೇಲಿನದು.

ಆಗಿನ ವ್ಯಾಪಾರ ಹೀಗಿತ್ತು: ಅಮೆರಿಕದ ಒಂದು ಬ್ಯಾಂಕಿಗೆ ಹತ್ತು ಪ್ರೋಗ್ರಾಮರುಗಳು ಬೇಕು. ಇಲ್ಲಿನ ಕಂಪನಿ ಹತ್ತು ಜನರನ್ನು ವಿಮಾನ ಹತ್ತಿಸುತ್ತದೆ. ಅವರು ಅಲ್ಲೇ ಕೂತು, ಅಲ್ಲಿನ ಯಂತ್ರದಲ್ಲೇ ಕೆಲಸ ಮುಗಿಸುತ್ತಾರೆ. ಇದಕ್ಕೆ ಬಾಡಿ ಶಾಪಿಂಗ್ ಅಂತ ಹೆಸರು ಬಿತ್ತು. ಕೇಳಲು ಚೆನ್ನಾಗಿಲ್ಲ, ಆದರೆ ನಡೆದದ್ದು ಅದೇ. ಜನ ರಫ್ತಾಗುತ್ತಿದ್ದರು.

1984ರಲ್ಲಿ ರಾಜೀವ್ ಗಾಂಧಿ ಸರ್ಕಾರ ಕಂಪ್ಯೂಟರ್ ನೀತಿ ತಂದು ಸುಂಕ ಇಳಿಸಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಅದರ ಡಿಶ್ಶಿನ ಭಾಗಗಳನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆಯನ್ನು ಕಂಪನಿಯೇ ಇವತ್ತಿಗೂ ಹೇಳಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಬರೆದ ಕೋಡು ಉಪಗ್ರಹದ ಮೂಲಕ ನೇರವಾಗಿ ಅಮೆರಿಕ ಮುಟ್ಟತೊಡಗಿತು. 1991ರಲ್ಲಿ ಸರ್ಕಾರದ ಸಾಫ್ಟ್‌ವೇರ್ ಪಾರ್ಕುಗಳ ಸಂಸ್ಥೆ ಎಸ್‌ಟಿಪಿಐ ಬಂದ ಮೇಲೆ ಸಣ್ಣ ಕಂಪನಿಗಳಿಗೂ ದಾರಿ ತೆರೆಯಿತು. ಎಲ್ಲರೂ ಸ್ವಂತ ಡಿಶ್ ಇಡಬೇಕಾಗಿಲ್ಲ, ಸರ್ಕಾರದ ಡಿಶ್ಶಿನಿಂದ ಲೈನ್ ಬಾಡಿಗೆಗೆ ಪಡೆದರೆ ಸಾಕು. ತೆರಿಗೆ ವಿನಾಯಿತಿಯೂ ಸಿಕ್ಕಿತು.

ಅಲ್ಲಿಂದ ಮುಂದಿನದನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಲೈನ್ ಬಂತು, ಉದಾರೀಕರಣ ಬಂತು, ಉದ್ಯಮ ಬೆಳೆಯಿತು. ಆದರೆ ಲೈನ್ ಇದ್ದ ಮಾತ್ರಕ್ಕೆ ಕೆಲಸ ಬರುವ ಹಾಗಿದ್ದರೆ ಸಾಲಗಾಮೆ ರಸ್ತೆಗೂ ಬರಬೇಕಿತ್ತು, ಅಲ್ವಾ? ಮೂರನೆಯದೊಂದು ಬೇಕಿತ್ತು. ಅದು ನಡುವಿನ ಮನುಷ್ಯ.

ನಡುವಿನ ಮನುಷ್ಯ

1990ರ ದಶಕದ ಕೊನೆಗೆ ಬಂದ ವೈಟೂಕೆ ತೊಂದರೆಯನ್ನೇ ತೆಗೆದುಕೊಳ್ಳಿ. ಹಳೆಯ ಪ್ರೋಗ್ರಾಮುಗಳಲ್ಲಿ ಜಾಗ ಉಳಿಸಲು ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆಯುತ್ತಿದ್ದರು. 1965 ಅಂದರೆ 65. ಬ್ಯಾಂಕಿನ ಪ್ರೋಗ್ರಾಮು ಒಬ್ಬರ ವಯಸ್ಸು ಲೆಕ್ಕ ಹಾಕಲು 99ರಲ್ಲಿ 65 ಕಳೆಯುತ್ತಿತ್ತು, 34 ಬರುತ್ತಿತ್ತು. ಮಾರನೇ ವರ್ಷ 00ರಲ್ಲಿ 65 ಕಳೆದರೆ? ಮೈನಸ್ 65. ಬಡ್ಡಿ, ಪಿಂಚಣಿ, ವಿಮೆ, ವಿಮಾನದ ಟಿಕೆಟ್ಟು, ಎಲ್ಲ ಕಡೆ ಇದೇ ಲೆಕ್ಕ.

ಸರಿಪಡಿಸುವುದು ಕಷ್ಟದ ವಿದ್ಯೆ ಆಗಿರಲಿಲ್ಲ. ಆದರೆ ಕೋಬಾಲ್ ಅನ್ನುವ ಹಳೆಯ ಕಂಪ್ಯೂಟರ್ ಭಾಷೆಯ ಲಕ್ಷಾಂತರ ಸಾಲು ಕೋಡನ್ನು ಓದಿ, ಇಸವಿ ಎಲ್ಲೆಲ್ಲಿ ಅಡಗಿದೆ ಅಂತ ಹುಡುಕಿ, ತಿದ್ದಿ, ಮತ್ತೆ ಪರೀಕ್ಷಿಸಬೇಕಿತ್ತು. ಒಂದು ಜಾಗದಲ್ಲಿ ತಿದ್ದಿದರೆ ಇನ್ನೆಲ್ಲೋ ಮುರಿಯುತ್ತಿತ್ತು. ಅಷ್ಟು ಜನ ಅಮೆರಿಕದಲ್ಲಿ ಇರಲಿಲ್ಲ. ಭಾರತದಲ್ಲಿದ್ದರು.

ಈಗ ಯೋಚಿಸಿ. ಅಮೆರಿಕದ ಬ್ಯಾಂಕೊಂದು ತನ್ನ ಇಡೀ ಖಾತೆ ಪುಸ್ತಕವನ್ನು ಕಂಡು ಕೇಳರಿಯದ ದೇಶದವರ ಕೈಗೆ ಯಾಕೆ ಕೊಟ್ಟೀತು? ಅಲ್ಲೇ ನಾಲ್ಕೈದು ವರ್ಷ ಕೂತು ಕೆಲಸ ಮಾಡಿದ ಭಾರತದವರೊಬ್ಬರು ಅವರಿಗೆ ಗೊತ್ತಿದ್ದರು. ಬ್ಯಾಂಕಿನ ಯಾವ ಪ್ರೋಗ್ರಾಮು ಯಾವುದಕ್ಕೆ ಜೋಡಣೆಯಾಗಿದೆ, ಯಾರನ್ನು ಕೇಳಿದರೆ ಉತ್ತರ ಸಿಗುತ್ತದೆ, ತಿಂಗಳ ಕೊನೆಯ ದಿನ ಯಾವುದನ್ನು ಮುಟ್ಟಬಾರದು, ಇದೆಲ್ಲ ಆ ಮನುಷ್ಯನಿಗೆ ತಿಳಿದಿತ್ತು. ಆತ ಅಲ್ಲೇ ಉಳಿದು ದಿನವಿಡೀ ಕೇಳಿಸಿಕೊಂಡದ್ದನ್ನು ಸಂಜೆ ಬರೆದು ಬೆಂಗಳೂರಿಗೆ ಕಳಿಸುತ್ತಿದ್ದ. ಅಲ್ಲಿ ರಾತ್ರಿಯಾದಾಗ ಇಲ್ಲಿ ಬೆಳಗು. ಇಲ್ಲಿನ ತಂಡ ತಿದ್ದಿ ಕಳಿಸಿದ್ದು ಅವನು ಮರುದಿನ ಕಚೇರಿಗೆ ಬರುವಷ್ಟರಲ್ಲಿ ಸಿದ್ಧ. ಇಂಥವರು ಮುಂದೆ ಇಲ್ಲಿಗೆ ವಾಪಸ್ ಬಂದು ತಂಡಗಳನ್ನು ಕಟ್ಟಿದರು. ದೇಶ ಬಿಟ್ಟು ಹೋದ ಪ್ರತಿಭೆ ಅಂತ ಆಗ ಪತ್ರಿಕೆಗಳಲ್ಲಿ ಮರುಗುತ್ತಿದ್ದೆವಲ್ಲ, ಅದೇ ಜನ ಕೆಲಸವನ್ನು ಕೈಹಿಡಿದು ಮನೆಗೆ ಕರೆತಂದರು. ಭಾರತದ ಸಾಫ್ಟ್‌ವೇರ್ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದು. ಸರ್ಕಾರದ ನೀತಿಗಳ ಬಗ್ಗೆ ಬರೆದಷ್ಟು ಇವರ ಬಗ್ಗೆ ಯಾರೂ ಬರೆಯಲಿಲ್ಲ.

ಈ ವ್ಯಾಪಾರದ ಲೆಕ್ಕ ಅರ್ಥವಾಗಲು ಒಂದು ಉದಾಹರಣೆ ನೋಡೋಣ. ಅಂಕಿಗಳು ಸುಮ್ನೆ ಲೆಕ್ಕಕ್ಕಾಗಿ ಇಟ್ಟುಕೊಂಡವು. ಒಬ್ಬ ಇಂಜಿನಿಯರು ಅಮೆರಿಕದಲ್ಲಿ ಕೂತರೆ ಗಂಟೆಗೆ 70 ಡಾಲರ್ ಬಿಲ್ಲು ಅಂದುಕೊಳ್ಳಿ. ತಿಂಗಳಿಗೆ 160 ಗಂಟೆ, ಗ್ರಾಹಕ ಕೊಡಬೇಕಾದದ್ದು 11,200 ಡಾಲರ್. ಅದರಲ್ಲಿ ಸಂಬಳ, ವಿಮೆ, ವೀಸಾ ಅಂತ 8,000 ಖರ್ಚಾದರೆ ಕಂಪನಿಗೆ ಉಳಿಯುವುದು 3,200, ಅಂದರೆ ನೂರಕ್ಕೆ ಸುಮಾರು 29. ಅದೇ ಕೆಲಸ ಬೆಂಗಳೂರಿನಿಂದ ಮಾಡಿದರೆ ಗಂಟೆಗೆ 25 ಡಾಲರ್. ತಿಂಗಳಿಗೆ 4,000. ಖರ್ಚು 2,400 ಅಂದರೂ ನೂರಕ್ಕೆ 40 ಉಳಿಯುತ್ತದೆ. ಗ್ರಾಹಕನಿಗೆ 7,200 ಡಾಲರ್ ಉಳಿತಾಯ, ಕಂಪನಿಗೆ ನೂರರ ಲೆಕ್ಕದಲ್ಲಿ ಜಾಸ್ತಿ ಲಾಭ. ಇಬ್ಬರಿಗೂ ಬೇಕಾದ ಲೆಕ್ಕ ಇದು. 2000ದ ನಂತರ ಅಮೆರಿಕದಲ್ಲಿ ಡಾಟ್‌ಕಾಂ ಕಂಪನಿಗಳು ಮುಳುಗಿ ಎಲ್ಲರೂ ಖರ್ಚು ಕಡಿಮೆ ಮಾಡಲು ಹೊರಟಾಗ ಕೆಲಸ ಇತ್ತ ಇನ್ನೂ ಜೋರಾಗಿ ಹರಿಯಿತು.

ಇದರಲ್ಲೇ ಒಂದು ಕಟ್ಟುಪಾಡೂ ಇದೆ. ಮಾರುವುದು ಗಂಟೆಗಳನ್ನು. ಜಾಸ್ತಿ ದುಡ್ಡು ಬೇಕೆಂದರೆ ಜಾಸ್ತಿ ಜನ ಬೇಕು. ಹಾಗಾಗಿಯೇ ಕಂಪನಿಗಳು ಹಾಸನ, ಚಿಕ್ಕಮಗಳೂರಿನ ಕಾಲೇಜುಗಳವರೆಗೂ ಹುಡುಕಿಕೊಂಡು ಬಂದವು. ಮೆಕ್ಯಾನಿಕಲ್ ಓದಿದ್ದಾನೋ ಸಿವಿಲ್ ಓದಿದ್ದಾಳೋ ಅಂತ ನೋಡದೆ ಆಯ್ಕೆ ಮಾಡಿ, ಕೆಲವು ತಿಂಗಳು ತರಬೇತಿ ಕೊಟ್ಟು ಕೆಲಸಕ್ಕೆ ಕೂರಿಸಿದವು. 1994ರಿಂದ ಸಿಇಟಿ ಶುರುವಾಗಿತ್ತು. ಡೊನೇಷನ್ ಕೊಡಲಾಗದ ಮನೆಯ ಮಕ್ಕಳಿಗೂ ರ‍್ಯಾಂಕಿನ ಮೇಲೆ ಸೀಟು ಸಿಗತೊಡಗಿತ್ತು. ಹೊಳೆನರಸೀಪುರದ ಮೇಷ್ಟ್ರ ಮಗಳು, ಕಡೂರಿನ ತೆಂಗು ಬೆಳೆಗಾರರ ಮಗ ಒಂದೇ ತಲೆಮಾರಿನಲ್ಲಿ ಮನೆಯ ದೆಸೆ ಬದಲಾಯಿಸಿದ್ದು ಹೀಗೆ. ಈ ಉದ್ಯಮವನ್ನು ಏನೇ ಟೀಕೆ ಮಾಡಿದರೂ ಇದನ್ನು ಮರೆಯಬಾರದು.

ಇವತ್ತು ಉದ್ಯಮದ ಗಾತ್ರ ದೊಡ್ಡದು. ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟ ನಾಸ್ಕಾಂ ಅಂದಾಜಿನಂತೆ 2023-24ರಲ್ಲಿ ಒಟ್ಟು ವಹಿವಾಟು 250 ಬಿಲಿಯನ್ ಡಾಲರ್ ಆಸುಪಾಸು. ಅದರಲ್ಲಿ ಸುಮಾರು 200 ಬಿಲಿಯನ್ ರಫ್ತಿನದೇ. ಕೆಲಸದಲ್ಲಿರುವವರು 54 ಲಕ್ಷ. ಇಷ್ಟು ಬೆಳೆದರೂ ಹೊಸಬರ ಸಂಬಳ ದೊಡ್ಡ ಸೇವಾ ಕಂಪನಿಗಳಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ವರ್ಷಕ್ಕೆ ಮೂರೂವರೆ ಲಕ್ಷದ ಸುತ್ತಲೇ ನಿಂತಿದೆ. ಬೆಂಗಳೂರಿನ ಬಾಡಿಗೆ ಹಾಗೇ ನಿಂತಿಲ್ಲ.

ಕಾಯಿ ಮಾರುವುದು, ಕಪ್ಪು ಮಾರುವುದು

ಚಿಕ್ಕಮಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆಗಾರರು ಚೆರಿಯನ್ನೋ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಪಾರ್ಚ್‌ಮೆಂಟನ್ನೋ (ಸಿಪ್ಪೆ ತೆಗೆದು ಒಣಗಿಸಿದ ಬೀಜ) 50 ಕಿಲೋ ಚೀಲದ ಲೆಕ್ಕದಲ್ಲಿ ಮಾರುತ್ತಾರೆ. ಅದೇ ಕಾಫಿ ಹುರಿದು, ಪುಡಿಯಾಗಿ, ಯಾರದೋ ಹೆಸರಿನ ಪೊಟ್ಟಣ ಸೇರಿ, ಕೊನೆಗೆ ಒಂದು ಕಪ್ಪಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ. ದುಡ್ಡು ಇರುವುದು ಆ ಕೊನೆಯಲ್ಲಿ. ಗಂಟೆ ಮಾರುವ ಸಾಫ್ಟ್‌ವೇರ್ ಕಂಪನಿ ಚೀಲ ಮಾರುವವರ ಜಾಗದಲ್ಲಿ ನಿಂತಿರುತ್ತದೆ. ಬರೆದ ಕೋಡು ಗ್ರಾಹಕನ ಸೊತ್ತು. ಒಂದು ಸಲ ಬರೆದದ್ದನ್ನು ಸಾವಿರ ಜನರಿಗೆ ಮಾರುವ ಹಕ್ಕು ಬರೆದವರಿಗೆ ಇರುವುದಿಲ್ಲ.

ಈ ಎರಡೂ ಲೋಕವನ್ನು ಕಂಡವರು ಚಿಕ್ಕಮಗಳೂರಿನ ಕಾಫಿ ಮನೆತನದ ವಿ. ಜಿ. ಸಿದ್ಧಾರ್ಥ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಅಲ್ಲಿ ಕಾಫಿಯ ಜೊತೆ ಇಂಟರ್ನೆಟ್ಟೂ ಸಿಗುತ್ತಿತ್ತು. 1999ರಲ್ಲಿ ಸಾಫ್ಟ್‌ವೇರ್ ಕಂಪನಿ ಮೈಂಡ್‌ಟ್ರೀ ಶುರುವಾದಾಗ ಮೊದಮೊದಲಲ್ಲೇ ದುಡ್ಡು ಹಾಕಿದವರಲ್ಲಿ ಅವರೂ ಒಬ್ಬರು. 2019ರಲ್ಲಿ ಸುಮಾರು ಶೇ 20ರಷ್ಟು ಪಾಲನ್ನು ಎಲ್ ಅಂಡ್ ಟಿಗೆ ಮಾರಿದರು. ಅಂದರೆ ಮಲೆನಾಡಿನಿಂದ ಬೆಂಗಳೂರಿನ ಸಾಫ್ಟ್‌ವೇರಿಗೆ ಜನ ಮಾತ್ರ ಹೋಗಲಿಲ್ಲ, ಕಾಫಿಯ ದುಡ್ಡೂ ಹೋಯಿತು.

ಕೋಡನ್ನು ಕಪ್ಪಿನ ಲೆಕ್ಕದಲ್ಲಿ ಮಾರುವವರು ನಮ್ಮಲ್ಲೂ ಇದ್ದಾರೆ. 1986ರಲ್ಲಿ ಶುರುವಾದ ಬೆಂಗಳೂರಿನ ಟ್ಯಾಲಿ ಅದಕ್ಕೆ ಹಳೆಯ ಉದಾಹರಣೆ. ಇವತ್ತು ಯಾವ ಊರಿನ ಆಡಿಟರ್ ಆಫೀಸಿಗೆ ಹೋದರೂ ಪರದೆಯ ಮೇಲೆ ಅದೇ ಇರುತ್ತದೆ. ಸರ್ಕಾರವೂ ದೊಡ್ಡ ಗ್ರಾಹಕ ಆಗಬಲ್ಲದು ಅಂತ ತೋರಿಸಿದ್ದು ನಮ್ಮದೇ ರಾಜ್ಯದ ಭೂಮಿ ಯೋಜನೆ. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಶಾನುಭೋಗರ ಕಾಲದಿಂದ ಕಟ್ಟು ಕಟ್ಟಾಗಿ ಇದ್ದ ದಾಖಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಿಗುವಂತಾಯಿತು. ಆಮೇಲೆ 2007ರಲ್ಲಿ ಫ್ಲಿಪ್‌ಕಾರ್ಟ್, 2016ರಲ್ಲಿ ಯುಪಿಐ. 2023ರ ಆಗಸ್ಟಿನಲ್ಲಿ ಯುಪಿಐ ವಹಿವಾಟುಗಳ ಸಂಖ್ಯೆ ಮೊದಲ ಬಾರಿಗೆ ಒಂದೇ ತಿಂಗಳಲ್ಲಿ 1,000 ಕೋಟಿ ದಾಟಿತು. ಇಲ್ಲಿನವರು ಇಲ್ಲಿನವರಿಗಾಗಿ ಬರೆದ ಸಾಫ್ಟ್‌ವೇರ್ ಇದು. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯೂ ಇದರ ಬಳಕೆದಾರಳು.

ಇನ್ನೊಂದು ಬಗೆ ಜಿಸಿಸಿಗಳು. ವಿದೇಶಿ ಕಂಪನಿ ಮಧ್ಯವರ್ತಿಯನ್ನು ಬಿಟ್ಟು ತನ್ನದೇ ಕಚೇರಿಯನ್ನು ಇಲ್ಲಿ ತೆರೆಯುತ್ತದೆ. 2024ರ ಹೊತ್ತಿಗೆ ದೇಶದಲ್ಲಿ ಇಂಥವು ಸುಮಾರು 1,700 ಇದ್ದವು, 19 ಲಕ್ಷ ಜನ ಕೆಲಸ ಮಾಡುತ್ತಿದ್ದರು. ಬೆಂಗಳೂರಿನದೇ ದೊಡ್ಡ ಪಾಲು. ಸಂಬಳ ಉತ್ತಮ, ಕೆಲಸದ ಮಟ್ಟವೂ ಉತ್ತಮ. ಕೋಡಿನ ಒಡೆತನ ಮಾತ್ರ ಹೊರಗೇ.

180 ಕಿಲೋಮೀಟರ್ ದೂರ

ಈಗ ಹಾಸನಕ್ಕೆ ಬರೋಣ. ಮೂರರಲ್ಲಿ ಎರಡು ನಮ್ಮ ಹತ್ತಿರ ಇವೆ. ಲೈನ್ ಇದೆ, ಫೈಬರ್ ಬಂದು ಎಷ್ಟೋ ಕಾಲವಾಯಿತು. ಕಾನೂನಿನ ಅಡ್ಡಿ ಇಲ್ಲ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮಾರ್ಗದ ರೈಲೂ ಬಂತು. ಇಲ್ಲದ್ದು ನಡುವಿನ ಮನುಷ್ಯ. ಬೆಂಗಳೂರಿನ ಕಂಪನಿಗೆ ಹಾಸನ ಅಂದರೆ ಕ್ಯಾಂಪಸ್ ಇಂಟರ್ವ್ಯೂಗೆ ಬಂದು ಹೋಗುವ ಊರು. ಇಪ್ಪತ್ತು ವರ್ಷ ಪಳಗಿದವರೊಬ್ಬರು ಇಲ್ಲೇ ಕೂತು, ನನ್ನ ತಂಡ ಇಲ್ಲಿದೆ, ಜವಾಬ್ದಾರಿ ನನ್ನದು ಅಂತ ಹೇಳುವುದು ಅಪರೂಪ.

2020ರ ಲಾಕ್‌ಡೌನ್ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಮಕ್ಕಳೆಲ್ಲ ಊರಿಗೆ ಬಂದರು. ಸಕಲೇಶಪುರದ ತೋಟದ ಮನೆಗಳಲ್ಲಿ, ಮೂಡಿಗೆರೆಯ ಅಟ್ಟಗಳಲ್ಲಿ ಕೂತು ಅಮೆರಿಕದ ಕೆಲಸ ಮಾಡಿದರು. ನೆಟ್‌ವರ್ಕ್ ಸಿಗುವ ದಿಬ್ಬ ಹುಡುಕಿಕೊಂಡು ಹೋಗಿ ಮೀಟಿಂಗ್ ಮುಗಿಸಿದವರೂ ಇದ್ದರು. ಕೆಲಸ ನಿಲ್ಲಲಿಲ್ಲ. ಆದರೂ ಕಂಪನಿಗಳು ಕ್ರಮೇಣ ವಾಪಸ್ ಕರೆದವು. ಅದಕ್ಕೆ ಒಂದು ಕಾರಣ ಒಪ್ಪುವಂಥದ್ದೇ. ಬರೆದ ಕೋಡನ್ನು ಹಿರಿಯರು ಪಕ್ಕದಲ್ಲಿ ಕೂತು ತಿದ್ದಿದಾಗ ಹೊಸಬರು ಕಲಿಯುವ ವೇಗವೇ ಬೇರೆ. ಒಬ್ಬೊಬ್ಬರೇ ಒಂದೊಂದು ಮನೆಯಲ್ಲಿ ಕೂತರೆ ಸಂಬಳ ಊರಿಗೆ ಬರುತ್ತದೆ, ಉದ್ಯಮ ಬರುವುದಿಲ್ಲ. ಹತ್ತು ಹದಿನೈದು ಜನ ಒಂದೇ ಸೂರಿನಡಿ ಕೂರುವ ತಂಡ ಬೇಕು. ತಮಿಳುನಾಡಿನ ತೆಂಕಾಶಿ ಹತ್ತಿರ ಜೋಹೋ ಕಂಪನಿ ಮಾಡಿದ್ದು ಇದನ್ನೇ. ಸ್ಥಾಪಕ ಶ್ರೀಧರ್ ವೆಂಬು ತಾವೇ ಆ ಹಳ್ಳಿ ಕಡೆಗೆ ಹೋಗಿ ನೆಲೆಸಿದರು.

ಕರ್ನಾಟಕ ಸರ್ಕಾರವೂ ಬೆಂಗಳೂರಿನಾಚೆಗೆ ಉದ್ಯಮ ಒಯ್ಯುವ ಯೋಜನೆ ಇಟ್ಟುಕೊಂಡಿದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆ ಅದರ ಒತ್ತು. ಹಾಸನಕ್ಕೂ ಒಂದು ಐಟಿ ಪಾರ್ಕ್ ಕೊಡಿ ಅನ್ನುವ ಬೇಡಿಕೆ ಸಹಜ. ಆದರೆ ಕಟ್ಟಡದಿಂದ ಶುರು ಮಾಡುವುದು ತಲೆಕೆಳಗಾದ ಕ್ರಮ ಅಂತ ನನಗನ್ನಿಸುತ್ತದೆ. ಇನ್ಫೋಸಿಸ್ ಬೆಂಗಳೂರಿಗೆ ಬಂದದ್ದು ಗ್ರಾಹಕನಿಗಾಗಿ. ಇಲ್ಲಿ ಗ್ರಾಹಕ ಯಾರು?

ಇದ್ದಾರೆ. ಕಾಫಿ ತೋಟದ ರೈಟರು, ಅಂದರೆ ಗುಮಾಸ್ತರು, ದಿನಾ ಬರೆಯುವ ಚೆಕ್‌ರೋಲ್ ಅನ್ನುವ ಹಾಜರಿ ಪುಸ್ತಕ ನೋಡಿ. ಯಾರು ಬಂದರು, ಯಾವ ಬ್ಲಾಕಿನಲ್ಲಿ ಕೆಲಸ, ಕೊಯ್ಲಿನ ದಿನವಾದರೆ ಯಾರು ಎಷ್ಟು ಕಿಲೋ ಹಣ್ಣು ಬಿಡಿಸಿದರು, ಮುಂಗಡ ಎಷ್ಟು ಕಳೆಯಬೇಕು. ಬಹಳ ತೋಟಗಳಲ್ಲಿ ಇದು ಇನ್ನೂ ಪುಸ್ತಕದಲ್ಲೇ ಇದೆ. ಪಕ್ಕದಲ್ಲೇ ಮಳೆ ಲೆಕ್ಕದ ಪುಸ್ತಕ, ಕೆಲವು ಮನೆಗಳಲ್ಲಿ ತಾತನ ಕಾಲದಿಂದ ಬರೆದದ್ದು. ಕಾಫಿ ಬೀಜ ಸುಲಿದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸಿನಲ್ಲಿ ಔಟ್‌ಟರ್ನ್ (ಕೊನೆಗೆ ಸಿಕ್ಕ ಬೀಜದ ಪ್ರಮಾಣ) ಎಷ್ಟು ಬಂತು, ಯಾವ ಗ್ರೇಡು ಎಷ್ಟು ಅನ್ನುವ ಲೆಕ್ಕ ಇನ್ನೊಂದು ಕಡೆ. ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಬಿತ್ತನೆ ಬೀಜ, ರೋಗ, ಮಂಡಿ ದರ ಇವೆಲ್ಲ ಪ್ರತಿ ವರ್ಷದ ಚಿಂತೆ. ಇವನ್ನು ಕನ್ನಡದಲ್ಲಿ, ನೆಟ್‌ವರ್ಕ್ ಇಲ್ಲದ ತೋಟದಲ್ಲೂ ಓಡುವ ಹಾಗೆ ಮಾಡಿಕೊಡುವ ಸಾಫ್ಟ್‌ವೇರನ್ನು ಬೆಂಗಳೂರಿನ ಎಂಟನೇ ಮಹಡಿಯಲ್ಲಿ ಕೂತು ಬರೆಯುವುದು ಕಷ್ಟ. ರೈಟರ ಪಕ್ಕ ಕೂತು ಒಂದು ಕೊಯ್ಲಿನ ಕಾಲ ಕಳೆದವರು ಬರೆಯಬಲ್ಲರು. ಇಲ್ಲಿ ಸರಿಯಾಗಿ ಓಡಿದ್ದು ಕೊಡಗಿಗೂ ವಯನಾಡಿಗೂ ಮಾರಾಟವಾದೀತು.

ಇದಕ್ಕೆ ಕಾಲವೂ ಕೂಡಿಬರುತ್ತಿದೆ. ಕೋಡು ಬರೆಯುವ ಎಐ ಸಾಧನಗಳು ಬಂದ ಮೇಲೆ ಗಂಟೆ ಮಾರುವ ವ್ಯಾಪಾರಕ್ಕೆ ನೇರ ಪೆಟ್ಟು ಬೀಳುತ್ತಿದೆ. ಹತ್ತು ಗಂಟೆಯ ಕೆಲಸ ನಾಲ್ಕೇ ಗಂಟೆಯಲ್ಲಿ ಮುಗಿದರೆ ಬಿಲ್ಲು ನಾಲ್ಕು ಗಂಟೆಗೇ ಆಗುತ್ತದಲ್ಲ. 2025ರ ಜುಲೈನಲ್ಲಿ ಟಿಸಿಎಸ್ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಹೋಗುವ ದಾರಿ ಕಿರಿದಾಗುತ್ತಿದೆ. ಇನ್ನೊಂದು ಕಡೆ, ಒಂದು ಸಣ್ಣ ತಂಡ ಅದೇ ಸಾಧನಗಳಿಂದ ಮೊದಲಿಗಿಂತ ಬೇಗ ಒಂದು ಪೂರ್ತಿ ಉತ್ಪನ್ನ ಕಟ್ಟಬಲ್ಲದು. ಹೊಸಬರಿಗೆ ಇದು ಕಷ್ಟದ ಕಾಲ. ಸುಲಭದ ಕೋಡಿಂಗ್ ಕೆಲಸದಿಂದ ಕಲಿಯಲು ಶುರು ಮಾಡುತ್ತಿದ್ದರು, ಆ ಮೆಟ್ಟಿಲೇ ಸವೆಯುತ್ತಿದೆ. ಹಾಗಾಗಿ ಯಾವ ಸಮಸ್ಯೆಗೆ ಕೋಡು ಬೇಕು ಅಂತ ಗೊತ್ತಿರುವ ಹಿರಿಯರ ಪಕ್ಕ ಕೂರುವ ಅವಕಾಶ ಅವರಿಗೆ ಈಗ ಇನ್ನೂ ಜಾಸ್ತಿ ಬೇಕು.

ಇದನ್ನು ಶುರು ಮಾಡಲು ನೂರಾರು ಎಕರೆ ಬೇಡ. ಕಾಲೇಜಿನಲ್ಲಿ ಒಂದು ಮಹಡಿ ಸಾಕು. ಬೆಂಗಳೂರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಕಳೆದು, ತಂದೆ ತಾಯಿಗೆ ವಯಸ್ಸಾಯಿತು, ಊರಿಗೆ ಮರಳಬೇಕು ಅನ್ನುವವರು ಬಹಳ ಜನ ಇದ್ದಾರೆ. ಅಂಥವರಿಗೆ ಆ ಮಹಡಿಯನ್ನು ಎರಡು ವರ್ಷ ಬಾಡಿಗೆಯಿಲ್ಲದೆ ಕೊಟ್ಟು, ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟನ್ನು ಅವರ ತಂಡದಲ್ಲೇ ಮಾಡಿಸಬಹುದು. ಮೊದಲ ಗ್ರಾಹಕನಾಗಿ ಒಂದು ಬೆಳೆಗಾರರ ಸಂಘವೋ ಒಂದು ಕ್ಯೂರಿಂಗ್ ವರ್ಕ್ಸೋ ಒಪ್ಪಿದರೆ ಕೆಲಸ ಶುರು. ಯಾರು ಎಲ್ಲಿದ್ದಾರೆ, ಯಾವ ಕೆಲಸದಲ್ಲಿ ಪಳಗಿದ್ದಾರೆ, ಯಾರಿಗೆ ವಾಪಸ್ ಬರುವ ಮನಸ್ಸಿದೆ ಅನ್ನುವುದು ನಮ್ಮ ಕಾಲೇಜುಗಳ ಹಳೇ ವಿದ್ಯಾರ್ಥಿ ಸಂಘಗಳಿಗೆ ಬೇರೆಲ್ಲರಿಗಿಂತ ಚೆನ್ನಾಗಿ ಗೊತ್ತಿದೆ.